ಸೌಂಡ್ ಬಂದರೆ ಸಾಕೇ? ಪಿಕಪ್ಪಿಗೆ ಡಿಐ ಬಾಕ್ಸ್ ಯಾಕೆ ಬೇಕು

ನವರಾತ್ರಿ ಹತ್ತಿರ ಬಂತೆಂದರೆ ಸೌಂಡ್ ಕೆಲಸ ಮಾಡುವ ನನಗೆ ಮುಂಬೈ ಸುತ್ತಿನ ಮಾಟುಂಗ, ಡೊಂಬಿವಲಿ, ಗೋರೆಗಾಂವ್ ಕಡೆಯಿಂದ ಫೋನ್ ಶುರುವಾಗುತ್ತವೆ. ಸುಗಮ ಸಂಗೀತ, ಭಜನೆ, ವೀಣೆ ಕಛೇರಿ, ಏನಾದರೂ ಒಂದು ಇರುತ್ತದೆ. ಸ್ಪೀಕರ್ ಎಷ್ಟು, ಮೈಕ್ ಎಷ್ಟು ಎಂದು ವಿಚಾರಿಸುತ್ತಾರೆ. ವೀಣೆಗೂ ಗಿಟಾರಿಗೂ ಪ್ರಿಆಂಪ್ ಇರುವ ಡಿಐ ಬಾಕ್ಸ್ (ವಾದ್ಯಕ್ಕೂ ಮಿಕ್ಸರಿಗೂ ನಡುವೆ ಹಾಕುವ ಡಬ್ಬಿ) ತರುತ್ತೇನೆ, ಅದಕ್ಕೆ ಬಾಡಿಗೆ ಬೇರೆ ಎಂದರೆ ಮಾತ್ರ ಆ ಕಡೆ ದನಿ ತಗ್ಗುತ್ತದೆ. "ಅದೆಲ್ಲ ಬೇಡ ಸಾರ್, ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದು ಕನ್ವರ್ಟರ್ ಪಿನ್ ಸಿಗುತ್ತದೆ. ಹೋದ ವರ್ಷ ಅದನ್ನೇ ಹಾಕಿದ್ವಿ. ಸೌಂಡ್ ಬಂತಲ್ಲ!"

ಬಂತು, ಇಲ್ಲ ಅನ್ನುವುದಿಲ್ಲ. ಆದರೆ ಆ ವೀಣೆ ವೀಣೆಯ ಹಾಗೆ ಕೇಳಿತೇ?

ಡಿಐ ಬಾಕ್ಸ್ ಎಂದರೆ ದೊಡ್ಡ ಪಿನ್ನನ್ನು ಮೈಕ್ ಪಿನ್ನಾಗಿ ಬದಲಿಸುವ ಡಬ್ಬಿ ಎಂದು ತುಂಬಾ ಜನ ನಂಬಿದ್ದಾರೆ. ಪ್ರಿಆಂಪ್ ಎಂದರೆ ಸೌಂಡ್ ಜಾಸ್ತಿ ಮಾಡುವ ಡಬ್ಬಿ ಅಂತೆ. ಎರಡೂ ಅರ್ಧ ನಿಜ. ನಾನು ಬಾಕ್ಸ್ ತರುವುದಕ್ಕೆ ಮುಖ್ಯ ಕಾರಣ ಇವೆರಡೂ ಅಲ್ಲ.

ಕಾರಣ ಪಿಕಪ್, ಅಂದರೆ ವಾದ್ಯದ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಸಣ್ಣ ಭಾಗ. ವೀಣೆಯ ಮೇಲೆ ಅಂಟಿಸುವುದು, ವಯಲಿನ್ನಿನ ಬ್ರಿಜ್ಜಿಗೆ ಸಿಕ್ಕಿಸುವುದು, ಗಿಟಾರಿನ ಸ್ಯಾಡಲ್ ಕೆಳಗೆ ಕೂರುವುದು, ಇವೆಲ್ಲ ಹೆಚ್ಚಾಗಿ ಪೀಜೋ ಪಿಕಪ್‌ಗಳು, ಅಂದರೆ ಅದುರಿದರೆ ವೋಲ್ಟೇಜ್ ಹುಟ್ಟುವ ವಸ್ತುವಿನವು. ಇವು ವೋಲ್ಟೇಜ್ ಕೊಡುತ್ತವೆ, ಆದರೆ ಕರೆಂಟ್ ಕೊಡುವ ಶಕ್ತಿ ಇವಕ್ಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನಮ್ಮ ಚಾಳಿನ ನೀರಿನ ಪೈಪ್ ನೆನಪಿಸಿಕೊಳ್ಳಿ. ಪೈಪು ಸಣ್ಣದು, ಕೆಳಗಿನ ಮನೆಯವರು ನಲ್ಲಿ ಪೂರ್ತಿ ತಿರುಗಿಸಿದರೆ ಮೇಲಿನವರಿಗೆ ಪ್ರೆಶರ್ ಇರುವುದಿಲ್ಲ. ಮಿಕ್ಸರಿನ ಮೈಕ್ ಇನ್‌ಪುಟ್ ಹಾಗೆ ಪೂರ್ತಿ ತೆರೆದ ನಲ್ಲಿ. ಅದರ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸಾಮಾನ್ಯವಾಗಿ 2 ಕಿಲೋ ಓಮ್ ಆಸುಪಾಸು. ಲೈನ್ ಇನ್‌ಪುಟ್ ಆದರೆ 10 ಕಿಲೋ ಓಮ್ ಅಥವಾ ಸ್ವಲ್ಪ ಮೇಲೆ. ಪೀಜೋ ಕೇಳುವುದು ಕನಿಷ್ಠ 1 ಮೆಗಾ ಓಮ್, ಅಂದರೆ ಸಾವಿರ ಕಿಲೋ ಓಮ್. 10 ಮೆಗಾ ಓಮ್ ಸಿಕ್ಕರೆ ಇನ್ನೂ ಒಳ್ಳೆಯದು. ಪ್ರಿಆಂಪ್ ಇರುವ ಡಿಐ ಬಾಕ್ಸ್ ಕೊಡುವುದು ಇದನ್ನೇ.

ಇದು ಬರೀ ಸೌಂಡ್ ಸಣ್ಣದಾಗುವ ವಿಷಯವಾಗಿದ್ದರೆ ನಾನು ಇಷ್ಟು ಹಟ ಮಾಡುತ್ತಿರಲಿಲ್ಲ. ಗೇನ್ ಏರಿಸಿದರೆ ಮುಗಿಯುತ್ತಿತ್ತು. ಪೀಜೋ ಒಂದು ಕೆಪಾಸಿಟರ್ (ಕೆಳಗಿನ ಸ್ವರಗಳನ್ನು ಸುಲಭವಾಗಿ ದಾಟಲು ಬಿಡದ ಭಾಗ) ಇದ್ದ ಹಾಗೆ ಕೆಲಸ ಮಾಡುತ್ತದೆ, ಹಾಗಾಗಿ ಇನ್‌ಪುಟ್ಟಿನ ಇಂಪಿಡೆನ್ಸ್ ಕಡಿಮೆಯಾದರೆ ಮೊದಲು ಹೋಗುವುದು ಬೇಸ್. ಒಂದು ಲೆಕ್ಕ ಕೊಡುತ್ತೇನೆ. ಪಿಕಪ್ಪಿನ ಕೆಪಾಸಿಟನ್ಸ್ 1 ನ್ಯಾನೋಫ್ಯಾರಡ್ ಎಂದುಕೊಳ್ಳಿ (ಪಿಕಪ್ಪಿನಿಂದ ಪಿಕಪ್ಪಿಗೆ ಇದು ಬೇರೆ, ಇದನ್ನೇ ಹಿಡಿದು ಜಗಳಕ್ಕೆ ಬರಬೇಡಿ). 10 ಮೆಗಾ ಓಮ್ ಇನ್‌ಪುಟ್ಟಿಗೆ ಹಾಕಿದರೆ ಸುಮಾರು 16 ಹರ್ಟ್ಜ್‌ನಿಂದ ಕೆಳಗೆ ಮಾತ್ರ ಸೌಂಡ್ ಇಳಿಯುತ್ತದೆ, ಅದು ಕಿವಿಗೇ ಬೀಳುವುದಿಲ್ಲ. 1 ಮೆಗಾ ಓಮ್ ಆದರೆ 160 ಹರ್ಟ್ಜ್‌ನಿಂದ ಕೆಳಗೆ. ಗಿಟಾರಿನ ದಪ್ಪ ತಂತಿ 82 ಹರ್ಟ್ಜ್, ಅಲ್ಲಿ ಆಗಲೇ ಸ್ವಲ್ಪ ತೆಳುವಾಗುತ್ತದೆ. 10 ಕಿಲೋ ಓಮ್ ಲೈನ್ ಇನ್‌ಪುಟ್ ಆದರೆ 16,000 ಹರ್ಟ್ಜ್‌ನಿಂದಲೇ ಇಳಿಜಾರು ಶುರು! ಅಂದರೆ ವಾದ್ಯದ ಇಡೀ ಮೈ ಆ ಇಳಿಜಾರಿನಲ್ಲೇ ಇದೆ. ಮಂದ್ರದ ತಂತಿ ಮೀಟಿದರೆ ಉಗುರಿನ ಟಿಕ್ ಟಿಕ್ ಕೇಳುತ್ತದೆ, ನಾದ ಕೇಳುವುದಿಲ್ಲ.

ಆಗ ಮುಂದಿನ ಸಾಲಿನಿಂದ ಒಬ್ಬರು ಎದ್ದು ಬಂದು "ಸ್ವಲ್ಪ ಬೇಸ್ ಕೊಡಿ" ಅನ್ನುತ್ತಾರೆ. ಎಲ್ಲಿಂದ ಕೊಡಲಿ? ಮಿಕ್ಸರಿನಲ್ಲಿ ಬೇಸ್ ತಿರುಗಿಸಿದರೆ ಅಳಿದುಳಿದ ನಾದದ ಜೊತೆಗೆ ಗುಂಯ್ ಎನ್ನುವ ಸದ್ದು, ಸ್ಟೇಜಿನ ಹಲಗೆ ದಡಬಡ, ಎಲ್ಲವೂ ಮೇಲೆ ಬರುತ್ತವೆ. ಇನ್ನೂ ತಿರುಗಿಸಿದರೆ ಫೀಡ್‌ಬ್ಯಾಕ್, ಸ್ಪೀಕರೇ ಕೂಗತೊಡಗುತ್ತದೆ. ಮೊದಲ ಮೆಟ್ಟಿಲಲ್ಲೇ ಹೋದದ್ದನ್ನು ಕೊನೆಯಲ್ಲಿ ಶುದ್ಧವಾಗಿ ತರುವುದು ಆಗದ ಮಾತು.

ಮಾಟುಂಗದ ಒಂದು ಕಾರ್ಯಕ್ರಮದಲ್ಲಿ ವೀಣೆ ನುಡಿಸುವ ಹಿರಿಯ ಅಮ್ಮ ಒಬ್ಬರು ಸೌಂಡ್ ಚೆಕ್‌ನಲ್ಲಿ ಏನೂ ಹೇಳದೆ ಕೂತಿದ್ದರು. ನಾನು ಬಾಕ್ಸ್ ಹಾಕಿ ಮಾನಿಟರ್ ತೆರೆದೆ. ಸಾರಣಿ ತಂತಿಯಿಂದ ಮಂದ್ರದವರೆಗೆ ಇಳಿದು ಬಂದು, "ಇಷ್ಟು ವರ್ಷ ವೀಣೆಯದೇ ದೋಷ ಅಂದುಕೊಂಡಿದ್ದೆ ಕಣಪ್ಪಾ" ಅಂದರು. ನನಗೆ ಸಿಟ್ಟು ಬಂತು, ಅವರ ಮೇಲೆ ಅಲ್ಲ. ತಮ್ಮ ಕೈಯನ್ನೇ, ತಮ್ಮ ವಾದ್ಯವನ್ನೇ ಬೈದುಕೊಳ್ಳುವ ಕಲಾವಿದರು ನಮ್ಮಲ್ಲಿ ಎಷ್ಟು ಜನ ಇದ್ದಾರೋ.

ಎಲ್ಲರಿಗೂ ದುಬಾರಿ ಬಾಕ್ಸೇ ಬೇಕು ಎಂದು ನಾನು ಹೇಳುತ್ತಿಲ್ಲ. ನಿಮ್ಮ ಗಿಟಾರಿನೊಳಗೆ 9 ವೋಲ್ಟ್ ಬ್ಯಾಟರಿಯ ಪ್ರಿಆಂಪ್ ಇದ್ದರೆ ಪಿಕಪ್ಪಿನ ಭಾರವನ್ನು ಅದೇ ಹೊರುತ್ತದೆ. ಆಗ ಟ್ರಾನ್ಸ್‌ಫಾರ್ಮರ್ ಇರುವ ಸಾದಾ ಪ್ಯಾಸಿವ್ ಡಿಐ ಸಾಕು. ಕೀಬೋರ್ಡಿಗೂ, ತಂಬೂರಿ ಆಪ್ ಹಾಕಿದ ಫೋನಿಗೂ ಅದೇ ಸರಿ. ಬ್ಯಾಟರಿಯಿಲ್ಲದ ಪೀಜೋಗೆ ಮಾತ್ರ ಪ್ಯಾಸಿವ್ ಹಾಕಬೇಡಿ, ಅದರ ಇನ್‌ಪುಟ್ ಹೆಚ್ಚಾಗಿ 150 ಕಿಲೋ ಓಮ್ ಸುತ್ತಮುತ್ತ ಇರುತ್ತದೆ, ಅಷ್ಟು ಸಾಲದು. ಕ್ಲಿಪ್ ಹಾಕುವ ಸಣ್ಣ ಕಂಡೆನ್ಸರ್ ಮೈಕ್ ಇದ್ದರೆ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ. ಕೊಳ್ಳುವ ಮೊದಲು ಯಾವ ಪಿಕಪ್ ಎಂದು ನೋಡಿ.

ಒಳ್ಳೆಯ ಪ್ರಿಆಂಪ್ ಡಿಐಯಲ್ಲಿ ಇನ್ನೂ ಕೆಲವು ಉಪಕಾರಗಳಿವೆ. ಸಿಗ್ನಲ್ಲನ್ನು ತಲೆಕೆಳಗು ಮಾಡುವ ಫೇಸ್ ಬಟನ್ ಒತ್ತಿದರೆ ಕೆಲವೊಮ್ಮೆ ಕೆಳಗಿನ ಸ್ವರಗಳ ಫೀಡ್‌ಬ್ಯಾಕ್ ನಿಲ್ಲುತ್ತದೆ. ನಿಲ್ಲದಿದ್ದರೆ ಕೂಗುವ ಸ್ವರವನ್ನಷ್ಟೇ ತಗ್ಗಿಸುವ ನಾಚ್ ಫಿಲ್ಟರ್ ಇದೆ. ರೆಕಾರ್ಡಿಂಗಿಗೆ ಡಿಐ ಔಟನ್ನು ಈಕ್ಯೂಗಿಂತ (ಬೇಸ್, ಟ್ರೆಬಲ್ ಹೊಂದಿಸುವುದಕ್ಕಿಂತ) ಮೊದಲಿನದಕ್ಕೆ ಇಟ್ಟು, ಜೊತೆಗೆ ಎದುರಿಗೆ ಒಂದು ಮೈಕ್ ಇಡಿ. ಈಕ್ಯೂ ಆಮೇಲೆ ಹಾಕಿಕೊಳ್ಳಬಹುದು.

ಗ್ರೌಂಡ್ ಲಿಫ್ಟ್ ಬಗ್ಗೆ ಮಾತ್ರ ದಯವಿಟ್ಟು ಗಮನ ಕೊಡಿ. ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದ ಕೂಡಲೇ ಗುಂಯ್ ಎಂದರೆ ಡಿಐ ಬಾಕ್ಸಿನ ಈ ಬಟನ್ ಒತ್ತಿ. ಅದು ಆಡಿಯೋ ಕೇಬಲ್ಲಿನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ. ಕರೆಂಟಿನ ಮೂರು ಪಿನ್ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು, ವೈರ್ ಕಿತ್ತು ಹಾಕುವುದು ಬೇಡವೇ ಬೇಡ. ಪೆಂಡಾಲಿನಲ್ಲಿ, ಮಳೆಗೆ ನೆನೆದ ನೆಲದಲ್ಲಿ, ಅದು ಜೀವಕ್ಕೇ ಅಪಾಯ. ಹಾಗೆ ಮಾಡಿದ ಸ್ಟೇಜಿನಲ್ಲಿ ನಾನು ಕೆಲಸ ಮಾಡುವುದಿಲ್ಲ, ಸಂಘದ ಅಧ್ಯಕ್ಷರೇ ಹೇಳಿದರೂ ಸರಿ.

ಕನ್ವರ್ಟರ್ ಪಿನ್ನಿನ ಇನ್ನೊಂದು ತೊಂದರೆ ಫ್ಯಾಂಟಮ್ ಪವರ್, ಅಂದರೆ ಮಿಕ್ಸರ್ ಮೈಕ್ ಕೇಬಲ್ಲಿನಲ್ಲೇ ಕಳುಹಿಸುವ ಕರೆಂಟ್. ಸಣ್ಣ ಮಿಕ್ಸರುಗಳಲ್ಲಿ ಅನೇಕ ಸಲ ಎಲ್ಲ ಮೈಕ್ ಚಾನೆಲ್ಲಿಗೂ ಸೇರಿ ಒಂದೇ ಬಟನ್ ಇರುತ್ತದೆ. ಯಾರೋ ಹಾಡುವವರ ಕಂಡೆನ್ಸರ್ ಮೈಕಿಗೆಂದು ಅದನ್ನು ಒತ್ತಿದರೆ 48 ವೋಲ್ಟ್ ನಿಮ್ಮ ಫೋನಿಗೋ ಕೀಬೋರ್ಡಿಗೋ ತಲುಪಬಹುದು. ಪ್ರತಿ ಸಲ ಸುಡುತ್ತದೆ ಎಂದಲ್ಲ, ಆದರೆ ಸುಟ್ಟರೆ ಸಂಘ ದುಡ್ಡು ಕೊಡುತ್ತದೆಯೇ, ಮೊದಲೇ ಕೇಳಿಕೊಳ್ಳಿ.

ಸ್ವಂತ ಬಾಕ್ಸ್ ಕೊಂಡವರಿಗೆ ಒಂದು ಮಾತು. ಬ್ಯಾಟರಿಯ ಬಾಕ್ಸುಗಳಲ್ಲಿ ಹೆಚ್ಚಿನವಕ್ಕೆ ಇನ್‌ಪುಟ್ ಜಾಕೇ ಸ್ವಿಚ್ಚು. ಕಛೇರಿ ಮುಗಿದ ಮೇಲೆ ಕೇಬಲ್ ಹಾಗೇ ಬಿಟ್ಟು ಬ್ಯಾಗಿಗೆ ತುರುಕಿದರೆ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಕೇಬಲ್ ಎಳೆಯುವ ಮೊದಲು ಮಿಕ್ಸರಿನವರಿಗೆ "ಅಣ್ಣಾ, ಮ್ಯೂಟ್ ಮಾಡಿ" ಎಂದು ಕೂಗಿ ಹೇಳಿ, ಅವರು ಕೈ ಎತ್ತಿದ ಮೇಲೆ ಎಳೆಯಿರಿ.