ಐದನೆಯ ತರಗತಿಯ ಆಚೆ: ಕಾಸರಗೋಡಿನ ಹೆಣ್ಣುಮಕ್ಕಳ ಓದಿನ ಹಿನ್ನೆಲೆ

ಮಾರ್ಚ್ 8 ಬಂತೆಂದರೆ ಕಾಸರಗೋಡಿನ ಶಾಲೆ, ಗ್ರಂಥಾಲಯ, ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘಟನೆ) ಘಟಕಗಳಲ್ಲಿ ಸಾಧಕಿಯರಿಗೆ ಶಾಲು ಹೊದಿಸಿ ಸನ್ಮಾನಿಸುವುದು ರೂಢಿ. ಸನ್ಮಾನಪತ್ರಗಳಲ್ಲಿ 'ಪ್ರಥಮ ಮಹಿಳೆ' ಎಂಬ ಮಾತಿಗೆ ವಿಶೇಷ ಮರ್ಯಾದೆಯಿದೆ. ಆದರೆ ಈ ಗಡಿನಾಡಿನ ಮಟ್ಟಿಗೆ, ಹೆಣ್ಣುಮಕ್ಕಳು ಶಾಲೆಗೆ ಸೇರಿದ್ದು ಯಾವಾಗ ಎಂಬುದಕ್ಕಿಂತ ಅವರು ಶಾಲೆ ಬಿಟ್ಟದ್ದು ಯಾವ ತರಗತಿಯಲ್ಲಿ, ಏಕೆ ಎಂದು ಕೇಳಿದರೆ ಹೆಚ್ಚು ಸಂಗತಿಗಳು ತಿಳಿಯುತ್ತವೆ.

ನನ್ನ ಅಜ್ಜಿ ಐದನೆಯ ತರಗತಿ ಪಾಸಾದವರು. ಮುಂದಿನ ಶಾಲೆ ತೋಡಿನ ಆಚೆಗಿತ್ತು. ಮಳೆಗಾಲದಲ್ಲಿ ಅಡಿಕೆ ಮರದ ಸಂಕದ ಮೇಲೆ ನಡೆದು ದಾಟಬೇಕು. ಅಣ್ಣಂದಿರು ದಾಟಿದರು, ಅಜ್ಜಿಗೆ ಮನೆಯಲ್ಲಿ ಅಪ್ಪಣೆಯಾಗಲಿಲ್ಲ. ಸಂಕ ಜಾರುತ್ತದೆ ಎಂಬುದು ಹೊರಗೆ ಹೇಳುತ್ತಿದ್ದ ಕಾರಣ; ಹುಡುಗಿ ದೊಡ್ಡವಳಾಗಿದ್ದಾಳೆ ಎಂಬುದು ನಿಜವಾದ ಕಾರಣ. ಯಕ್ಷಗಾನದ ಪ್ರಸಂಗ ಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತಲೇ ಅವರು ಅಕ್ಷರವನ್ನು ಕೊನೆಯವರೆಗೂ ಉಳಿಸಿಕೊಂಡರು.

ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತಾದ್ದರಿಂದ ಇಲ್ಲಿನ ಹೆಣ್ಣುಮಕ್ಕಳ ಓದಿನ ಕಥೆಯೂ ಕರಾವಳಿಯ ಕಥೆಯೊಂದಿಗೇ ಆರಂಭವಾಗುತ್ತದೆ. ಕಾರ್ಕಳದ ಕಡೆಯ ಮಾಳದವರಾದ ಅನಂತ ಶಾಸ್ತ್ರಿ ಡೋಂಗ್ರೆ ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಹೊರಟು ಸ್ವಜನರ ವಿರೋಧ ಕಟ್ಟಿಕೊಂಡರು; ಕೊನೆಗೆ ಘಟ್ಟದ ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. ಅಲ್ಲಿ 1858ರಲ್ಲಿ ಹುಟ್ಟಿ, ತಾಯಿಯಿಂದಲೇ ಸಂಸ್ಕೃತ ಕಲಿತ ಮಗಳು ರಮಾಬಾಯಿಗೆ 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ಕೊಟ್ಟರು. ಊರಿನಲ್ಲಿ ಅಪರಾಧವೆನಿಸಿದ ಓದು ಪರವೂರಿನಲ್ಲಿ ಬಿರುದಾಯಿತು.

ಮಂಗಳೂರಿನಲ್ಲಿ ಶಾಲೆಗಳಿಗೆ ಕೊರತೆಯಿರಲಿಲ್ಲ. 1834ರಲ್ಲಿ ಬಂದ ಬಾಸೆಲ್ ಮಿಷನ್, 1870ರಲ್ಲಿ ಬಂದ ಕಾರ್ಮೆಲ್ ಸಭೆಯ ಸಂನ್ಯಾಸಿನಿಯರು, 1921ರಲ್ಲಿ ಆರಂಭವಾದ ಸಂತ ಆಗ್ನೆಸ್ ಮಹಿಳಾ ಕಾಲೇಜು ಎಲ್ಲವೂ ಅಲ್ಲಿದ್ದವು. ಆದರೆ ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್ ದೂರದ ಆ ಪೇಟೆಗೆ ಮಗಳನ್ನು ಕಳುಹಿಸಿ ಹಾಸ್ಟೆಲಿನಲ್ಲಿ ಇರಿಸಬಲ್ಲ ಮನೆಗಳು ಬೆರಳೆಣಿಕೆಯಷ್ಟು.

ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿ, 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆ ಕಟ್ಟಿದ ಕುದ್ಮುಲ್ ರಂಗರಾಯರದು ಮಾತ್ರ ಬೇರೆಯೇ ದಾರಿ. ವಿಧವೆಯಾಗಿದ್ದ ಮಗಳು ರಾಧಾಬಾಯಿಗೆ ಅವರು ಜಾತಿಯ ಹೊರಗೆ ಮರುಮದುವೆ ಮಾಡಿಸಿದರು. ಆಕೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲೂ ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿನಲ್ಲೂ ಓದಿ, 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿ, 1938ರಲ್ಲಿ ಕೇಂದ್ರದ ಶಾಸಕಾಂಗಕ್ಕೆ ಆಯ್ಕೆಯಾದ ಮೊದಲ ಮಹಿಳೆಯಾದರು. ಅಂದಹಾಗೆ, ಆ ಆಕ್ಸ್‌ಫರ್ಡ್ ಕೂಡ ಹೆಂಗಸರಿಗೆ ಪದವಿ ಕೊಡಲಾರಂಭಿಸಿದ್ದು 1920ರಲ್ಲಿ. ಅದಕ್ಕೂ ಮೊದಲು ಪರೀಕ್ಷೆ ಬರೆದು ತೇರ್ಗಡೆಯಾದರೂ ಪದವಿಯಿಲ್ಲ. ಕೇಂಬ್ರಿಜ್ 1948ರವರೆಗೆ ಕಾಯಿಸಿತು, ಅಂದರೆ ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಸರಿಯಾಗಿ ನೂರು ವರ್ಷಗಳ ನಂತರ. ಹೆಣ್ಣನ್ನು ನಡುದಾರಿಯಲ್ಲಿ ನಿಲ್ಲಿಸುವ ವಿದ್ಯೆ ನಮ್ಮ ಊರಿನದಷ್ಟೇ ಆಗಿರಲಿಲ್ಲ.

1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕರ್ ಕನ್ನಡ ಶಾಲೆಯಲ್ಲಿ ಓದಿದರು. ತಮ್ಮ ಸಮುದಾಯದಲ್ಲಿ ಓದಿದ ಮೊದಲ ಹುಡುಗಿಯರಲ್ಲಿ ಅವರೂ ಒಬ್ಬರು. ಕಾಲೇಜಿನ ಬಾಗಿಲು ಅವರಿಗೆ ತೆರೆಯಲಿಲ್ಲ. ಗ್ರಂಥಾಲಯದ ಸದಸ್ಯತ್ವ ಸಿಗುವುದಕ್ಕೂ 1963ರವರೆಗೆ ಕಾಯಬೇಕಾಯಿತು. ಅವರನ್ನು ನಾವು ಕಾದಂಬರಿಕಾರ್ತಿಯೆಂದು ಕೊಂಡಾಡುತ್ತೇವೆ. ಶಾಲೆ ಮುಗಿದಂದಿನಿಂದ ಆ ಸದಸ್ಯತ್ವದವರೆಗಿನ ವರ್ಷಗಳನ್ನೂ ಅವರ ಸಾಧನೆಯ ಲೆಕ್ಕಕ್ಕೆ ಸೇರಿಸಬೇಕೆಂದು ನನಗೆ ಅನ್ನಿಸುತ್ತದೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸುವ ವ್ಯವಸ್ಥೆ ಇರಬೇಕೆನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಆ ವರ್ಷದ ತಿದ್ದುಪಡಿಯಿಂದಲೇ. ಆದರೆ ವಿಧಿಯ ಮಾತು ಪ್ರಾಥಮಿಕ ಹಂತಕ್ಕೆ ನಿಲ್ಲುತ್ತದೆ. ನಮ್ಮ ಹುಡುಗಿಯರು ಎಡವುತ್ತಿದ್ದುದೂ ಅದೇ ಹೊಸ್ತಿಲಲ್ಲಿ. ಈ ದೃಷ್ಟಿಯಿಂದ 1957ರಲ್ಲಿ ಕಾಸರಗೋಡಿನಲ್ಲಿ ಸರಕಾರಿ ಕಾಲೇಜು, 1980ರಲ್ಲಿ ಮಂಜೇಶ್ವರದಲ್ಲಿ ಗೋವಿಂದ ಪೈ ಸ್ಮಾರಕ ಕಾಲೇಜು ಆರಂಭವಾದದ್ದು ಯಾವ ಸುಧಾರಕರ ಭಾಷಣಕ್ಕಿಂತಲೂ ಹೆಚ್ಚು ಕೆಲಸ ಮಾಡಿತು. ಬೆಳಿಗ್ಗೆ ಬಸ್ಸು ಹತ್ತಿದ ಮಗಳು ಕತ್ತಲಾಗುವ ಮೊದಲು ಮನೆಗೆ ಬರುವಂತಾದರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತಿತ್ತು.

ಉಳಿದರ್ಧ ವಾದ ದುಡ್ಡಿನದು. ಗಡಿಯ ಎರಡೂ ಬದಿಗಳಲ್ಲಿ ಶಾಲೆ ಬಿಟ್ಟ ಹುಡುಗಿಯರ ಮಡಿಲಿಗೆ ಬಂದದ್ದು ಬೀಡಿ. ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಸಾಲಾಗಿ ಕುಳಿತು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯನ್ನು ಕತ್ತರಿಯಿಂದ ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ತಲೆ ಮಡಚಿ, ನೂಲು ಸುತ್ತುವ ಕೈಗಳ ವೇಗವನ್ನು ಕಂಡವರಿಗೆ ಗೊತ್ತು: ಎಷ್ಟೋ ಮನೆಗಳಲ್ಲಿ ತಮ್ಮನ ಶಾಲೆಯ ಫೀಸು ಬಂದದ್ದು ಅಕ್ಕ ಬೀಡಿ ಬ್ರಾಂಚಿಗೆ ಕೊಟ್ಟ ಕಟ್ಟುಗಳಿಂದ. ಆ ಅಕ್ಕಂದಿರಿಗೆ ಯಾರೂ ಶಾಲು ಹೊದಿಸಿದ್ದಿಲ್ಲ.

1991ರ ಏಪ್ರಿಲ್ 18ರಂದು ಕೋಯಿಕ್ಕೋಡಿನಲ್ಲಿ ಚೇಲಕ್ಕೋಡನ್ ಆಯಿಶಾ ಎಂಬ ನವಸಾಕ್ಷರೆ ಕೇರಳವನ್ನು ಸಂಪೂರ್ಣ ಸಾಕ್ಷರವೆಂದು ಘೋಷಿಸಿದರು. ಅನಂತರ ಸಾಕ್ಷರತಾ ಮಿಷನ್ ಶಾಲೆ ಬಿಟ್ಟವರಿಗಾಗಿ ನಡೆಸತೊಡಗಿದ ತತ್ಸಮಾನ ತರಗತಿಗಳಲ್ಲಿ, ಕಾಸರಗೋಡಿನಲ್ಲಿ ಕನ್ನಡದಲ್ಲೂ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದು. ಬಿಟ್ಟುಹೋದ ತರಗತಿಯಿಂದಲೇ ಮತ್ತೆ ಹೊರಡಲು, ತಡವಾಗಿಯಾದರೂ, ಒಂದು ದಾರಿ ದೊರೆಯಿತು.

ಇಂದು ತೋಡಿಗೆ ಕಾಂಕ್ರೀಟ್ ಸೇತುವೆಯಾಗಿದೆ, ಶಾಲೆಯವರೆಗೆ ಡಾಮರು ರಸ್ತೆಯಿದೆ. ಆದರೂ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರ ನೇಮಕವಾದಾಗಲೆಲ್ಲ ಹೆತ್ತವರೂ ಮಕ್ಕಳೂ ಪ್ರತಿಭಟನೆಗೆ ಇಳಿಯಬೇಕಾಗಿದೆ. ಗಣಿತದ ಒಂದು ಲೆಕ್ಕ ಅರ್ಥವಾಗದೆ ಹುಡುಗಿ ಕೈಯೆತ್ತಿದರೆ, ಅವಳ ಪ್ರಶ್ನೆಯೇ ಮೇಷ್ಟ್ರಿಗೆ ಅರ್ಥವಾಗುವುದಿಲ್ಲ. ಅವಳು ಕೈ ಇಳಿಸಿ, ಕರಿಹಲಗೆಯಲ್ಲಿದ್ದುದನ್ನು ಹಾಗೆಯೇ ಪುಸ್ತಕಕ್ಕೆ ಬರೆದುಕೊಳ್ಳುತ್ತಾಳೆ.