ಕಪ್ ಹಿಡಿದ ಫೋಟೋ ಸಾಲದು

ನಮ್ಮ ಕಾಸರಗೋಡಿನ ಕಡೆ ಕ್ಲಬ್ ಇಲ್ಲದ ಊರು ಕಡಿಮೆ. ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ಹುಡುಗರು ಗೋಡೆಗೆ ಚಿತ್ರ ಬೇಕೆಂದು ನನ್ನಲ್ಲಿಗೆ ಬರುತ್ತಾರೆ. ಫೋನಿನಲ್ಲಿ ಫೋಟೋ ರೆಡಿ ಇರುತ್ತದೆ. ತಂಡದವರು ಸಾಲಾಗಿ ನಿಂತಿದ್ದಾರೆ, ನಡುವೆ ಕಪ್, ಎಲ್ಲರ ಮುಖದಲ್ಲೂ ನಗು. "ಮಾಷ್ಟ್ರೇ, ಇದು ಇದ್ದ ಹಾಗೇ ದೊಡ್ಡದಾಗಿ ಬರಬೇಕು" ಅನ್ನುತ್ತಾರೆ.

ಇದ್ದ ಹಾಗೇ ಬೇಕಾದರೆ ಫ್ಲೆಕ್ಸ್ ಸಾಕು. ಒಂದೇ ದಿನದಲ್ಲಿ ಆಗುತ್ತದೆ, ಖರ್ಚೂ ಕಡಿಮೆ. ಇದನ್ನು ನಾನು ಸಿಟ್ಟಿನಿಂದ ಹೇಳುವುದಲ್ಲ. ಆದರೆ ಗೋಡೆಗೆ ಚಿತ್ರ ಬರೆಸುವುದಾದರೆ ಆ ಫೋಟೋದಲ್ಲಿ ಆಟ ಎಲ್ಲಿದೆ ಅಂತ ಒಮ್ಮೆ ಹುಡುಕಿ ನೋಡಿ. ಆಟ ಮುಗಿದಿದೆ, ಬೆವರು ಒರೆಸಿ ಆಗಿದೆ, ಅಂಗಿಯನ್ನೂ ಸರಿ ಮಾಡಿಕೊಂಡಿದ್ದಾರೆ. ಗೆದ್ದವರು ಯಾರೆಂದು ತಿಳಿಯುತ್ತದೆ, ಅಷ್ಟೇ.

ಸರಿ, ಹಾಗಾದರೆ ಆಡುವಾಗಿನ ಫೋಟೋ ತರುತ್ತೇವೆ, ಅದನ್ನೇ ಬರೆಯಿರಿ ಅನ್ನುತ್ತಾರೆ. ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1821ರಲ್ಲಿ ಫ್ರಾನ್ಸಿನ ಚಿತ್ರಗಾರ ಜೆರಿಕೊ ಇಂಗ್ಲೆಂಡಿನ ಎಪ್ಸಮ್ ಕುದುರೆ ಪಂದ್ಯದ ಚಿತ್ರ ಬರೆದ. ಈಗ ಅದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಕುದುರೆಗಳ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಪೂರ್ತಿ ಚಾಚಿವೆ, ನಾಲ್ಕೂ ಗಾಳಿಯಲ್ಲಿವೆ. 1878ರಲ್ಲಿ ಮೈಬ್ರಿಜ್ ಅನ್ನುವ ಫೋಟೋಗ್ರಾಫರ್ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾ ಇಟ್ಟು ಓಡುವ ಕುದುರೆಯ ಫೋಟೋ ತೆಗೆದ. ನಾಲ್ಕು ಗೊರಸು ನೆಲ ಬಿಡುವುದು ನಿಜವೇ. ಆದರೆ ಆಗ ಕಾಲುಗಳು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ. ಲೆಕ್ಕದ ಪ್ರಕಾರ ಜೆರಿಕೊ ಬರೆದದ್ದು ತಪ್ಪು. ಆದರೂ ಓಡುವುದು ಅವನ ಕುದುರೆಯೇ. ಫೋಟೋದ ಕುದುರೆ ಗಾಳಿಯಲ್ಲಿ ಸಿಕ್ಕಿಹಾಕಿಕೊಂಡ ಹಾಗೆ ಕಾಣುತ್ತದೆ.

ಇದಕ್ಕೆ ಶಿಲ್ಪಿ ರೊದಾನ್ ಕೊಟ್ಟ ವಿವರಣೆ ನನಗೆ ತುಂಬ ಇಷ್ಟ. ಹಿಂಗಾಲು ನೆಲ ಒದೆಯುವುದು ಒಂದು ಕ್ಷಣ, ಮೈ ಚಾಚುವುದು ಮತ್ತೊಂದು, ಮುಂಗಾಲು ನೆಲ ಹುಡುಕುವುದು ಇನ್ನೊಂದು. ಚಿತ್ರಗಾರ ಇವೆಲ್ಲವನ್ನೂ ಒಂದೇ ಮೈಯಲ್ಲಿ ಇಡುತ್ತಾನೆ. ನಮ್ಮ ಕಣ್ಣು ಅವನ್ನು ಒಂದಾದ ಮೇಲೊಂದು ಓದುತ್ತದೆ, ಹಾಗಾಗಿ ಚಿತ್ರ ಚಲಿಸುತ್ತದೆ.

ಪೈವಳಿಕೆಯ ಕಂಬಳ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಕೋಣಗಳು ಕರೆಯಲ್ಲಿ, ಅಂದರೆ ಕೆಸರಿನ ಓಟದ ದಾರಿಯಲ್ಲಿ, ಓಡಿ ಬರುವಾಗ ನಮಗೆ ಬೇರೆ ಬೇರೆ ಕಾಲು ಕಾಣುವುದಿಲ್ಲ. ಕೆಸರುನೀರು ಮೇಲೇಳುವುದು, ಕೋಣದ ಭುಜ, ಓಡಿಸುವವನ ಹಿಂದಕ್ಕೆ ಬಾಗಿದ ಮೈ, ಎಲ್ಲ ಒಟ್ಟಿಗೆ ಬಂದು ಬಡಿಯುತ್ತವೆ. ಫೋಟೋದಲ್ಲಿ ನೀರಿನ ಒಂದೊಂದು ಹನಿಯೂ ಸ್ಪಷ್ಟವಾಗಿರುತ್ತದೆ, ಓಟ ಇರುವುದಿಲ್ಲ. ಒಳ್ಳೆಯ ಕ್ರೀಡಾ ಫೋಟೋಗಳು ಇಲ್ಲವೆಂದಲ್ಲ. ಬೇಕಾದಷ್ಟಿವೆ. ಅದನ್ನು ಗೆರೆ ಗೆರೆ ನಕಲು ಮಾಡಿ ಇಪ್ಪತ್ತು ಅಡಿ ಗೋಡೆಗೆ ಏರಿಸಿದರೆ ಅಷ್ಟೇ ಚೆನ್ನಾಗಿರುತ್ತದೆಂದು ಹೇಳಲಾರೆ.

ಕಬಡ್ಡಿಯನ್ನೇ ತೆಗೆದುಕೊಳ್ಳಿ. ನಾನು ಹೆಚ್ಚಾಗಿ ಬರೆಯುವುದು ಹಿಡಿತಕ್ಕೆ ಸಿಕ್ಕ ರೈಡರನ್ನು. ಕಾಲು ಹಿಂದೆ, ಯಾರದೋ ಕೈಯೊಳಗೆ. ಬೆರಳ ತುದಿಗೂ ಮಧ್ಯರೇಖೆಗೂ ಒಂದು ಗೇಣು. ಉಸಿರು ಇನ್ನೂ ಬಿಟ್ಟಿಲ್ಲ, ಬಾಯಲ್ಲಿ ಕಬಡ್ಡಿ ಕಬಡ್ಡಿ ನಡೆದೇ ಇದೆ. ಕುತ್ತಿಗೆಯ ನರ ಎದ್ದಿದೆ. ಹಿಮ್ಮಡಿಯಿಂದ ಬೆರಳಿನವರೆಗೆ ಒಂದೇ ಗೆರೆ, ಅದು ಕಡಿಯಬಾರದು. ಆ ಗೆರೆ ಸಿಗಲಿ ಅಂತ ತೋಳನ್ನು ಇರುವುದಕ್ಕಿಂತ ಸ್ವಲ್ಪ ಉದ್ದ ಮಾಡುತ್ತೇನೆ. ಮಂಜೇಶ್ವರ ಕಡೆ ಅಂಥದ್ದೊಂದು ಗೋಡೆ ಬರೆಯುತ್ತಿದ್ದಾಗ ಹಿರಿಯರೊಬ್ಬರು ಬಂದು ನಿಂತರು. ಒಂದು ಕಾಲದ ಆಟಗಾರರು. ಚಿತ್ರದ ಮೀನಖಂಡದ ಮೇಲೆ ಅಂಗೈ ಇಟ್ಟು, "ಇವ ಮೊದಲು ತೊಡೆಗೇ ಹಿಡಿದದ್ದು, ಜಾರಿ ಕೆಳಗೆ ಬಂದಿದೆ ಅಲ್ವಾ?" ಅಂದರು. ಹಿಡಿತ ಜಾರುವುದನ್ನು ನಾನು ಬರೆದಿರಲಿಲ್ಲ. ನಾನು ಬರೆದ ಒಂದು ಕ್ಷಣದಿಂದಲೇ ಅವರು ಅದರ ಹಿಂದಿನ ಕ್ಷಣವನ್ನೂ ಓದಿದರು. ಅವತ್ತು ಆದ ಖುಷಿ ಅಷ್ಟಿಷ್ಟಲ್ಲ.

ಆದರೆ ಮನೆಯವರಿಗೆ ಬೇಸರವಾಗುತ್ತದೆ. ಮಗನ ಮುಖ ಹೀಗೇಕೆ, ನೋವಾದ ಹಾಗಿದೆಯಲ್ಲ ಅನ್ನುತ್ತಾರೆ ಅಮ್ಮಂದಿರು. ನೋವಾಗಿತ್ತು ಅಮ್ಮಾ, ಆದರೂ ಬಿಡಲಿಲ್ಲ, ಅದಕ್ಕೇ ಅವನನ್ನು ಗೋಡೆಗೆ ಬರೆಯುವುದು.

ಕುಂಬಳೆ ಕಡೆಯವರು ಅನಿಲ್ ಕುಂಬ್ಳೆ ಚಿತ್ರ ಕೇಳುವಾಗ 1999ರ ದೆಹಲಿ ಟೆಸ್ಟೇ ಬೇಕೆನ್ನುತ್ತಾರೆ. ಪಾಕಿಸ್ತಾನದ ಹತ್ತೂ ವಿಕೆಟ್, 74 ರನ್ನಿಗೆ. ಹೆಮ್ಮೆ ಪಡಲೇಬೇಕು, ಅವರ ಮನೆತನದ ಬೇರು ಇಲ್ಲಿಯದು. ಆದರೆ ನನ್ನನ್ನು ಕೇಳಿದರೆ 2002ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಆಡಿದ ಆಂಟಿಗಾ ಟೆಸ್ಟ್ ಬರೆಯುತ್ತೇನೆ. ದವಡೆ ಮುರಿದಿದೆ, ತಲೆ ಸುತ್ತ ಬ್ಯಾಂಡೇಜ್ ಕಟ್ಟಿದೆ. ಹಾಗೇ 14 ಓವರ್ ಎಸೆದು ಲಾರಾ ವಿಕೆಟ್ ತೆಗೆದರು. ಸಿಕ್ಕಿದ್ದು ಒಂದೇ ವಿಕೆಟ್, ಪಂದ್ಯ ಡ್ರಾ ಆಯಿತು. ಆದರೂ ಆ ಬಿಳಿ ಪಟ್ಟಿಯ ಕೆಳಗಿನ ಎರಡು ಕಣ್ಣು ಬರೆಯಲು ಸಿಕ್ಕಿದರೆ ಯಾವ ಚಿತ್ರಗಾರ ಬಿಟ್ಟಾನು?

ಮಾರ್ಟಿನ್ ಕ್ರೀಡ್ ಅನ್ನುವ ಬ್ರಿಟನ್ ಕಲಾವಿದರು ಚಿತ್ರವನ್ನೇ ಬರೆಯದೆ ಓಟದ ಈ ಜೀವವನ್ನು ತೋರಿಸಿದರು. 2008ರಲ್ಲಿ ಲಂಡನ್ನಿನ ಟೇಟ್ ಬ್ರಿಟನ್ ಗ್ಯಾಲರಿಯ ಉದ್ದದ ಹಜಾರದಲ್ಲಿ 30 ಸೆಕೆಂಡಿಗೊಮ್ಮೆ ಒಬ್ಬ ಓಟಗಾರ ಜೀವ ಬಿಟ್ಟು ಓಡುತ್ತಿದ್ದ. ಕಲಾಕೃತಿ ಅಂದರೆ ಅಷ್ಟೇ, ಆ ಓಟ. ಪೂರ್ತಿ ಅಲುಗಾಡದಿರುವುದು ಸಾವಾದರೆ ಅತಿ ವೇಗದ ಓಟ ಬದುಕಿನ ಅತಿ ದೊಡ್ಡ ಗುರುತು ಅನ್ನುವುದು ಅವರ ಯೋಚನೆ. ನಮ್ಮ ಕಬಡ್ಡಿಯ ಒಂದು ರೈಡಿಗೂ 30 ಸೆಕೆಂಡೇ. ಇದನ್ನು ಹೇಳಿದರೆ ಹುಡುಗರ ಕಣ್ಣು ಅರಳುತ್ತದೆ. ಸಮಕಾಲೀನ ಕಲೆ ಅಂದರೆ ತಮಗೆ ಆಗದ್ದು ಅಂತ ಅವರಿಗೆ ಯಾರೋ ಸುಮ್ನೆ ಹೆದರಿಸಿ ಇಟ್ಟಿದ್ದಾರೆ.

ತೀರಿಹೋದ ಆಟಗಾರನ ನೆನಪಿಗೆ ಬರೆಸುವುದಾದರೆ ಮಾತು ಬೇರೆ. ಅಲ್ಲಿ ಮುಖ ಮುಖದ ಹಾಗೇ ಇರಬೇಕು, ಫೋಟೋ ಬೇಕೇ ಬೇಕು. ಉಳಿದದ್ದಕ್ಕೆ ಬರುವಾಗ ಆಟದ ವಿಡಿಯೋ ತನ್ನಿ. ಸಾಧ್ಯವಾದರೆ ರೈಡರನ್ನೂ, ಹಿಡಿದವನನ್ನೂ ಕರೆದುಕೊಂಡು ಬನ್ನಿ, ಅಂಗಳದಲ್ಲಿ ನಿಧಾನವಾಗಿ ಒಮ್ಮೆ ಹಿಡಿದು ತೋರಿಸಲಿ. ಪ್ರಾಯೋಜಕರ ಹೆಸರಿಗೆ ಗೋಡೆಯ ಕೆಳಗೆ ಬೇರೆ ಜಾಗ ಬಿಡೋಣ, ಆಟಗಾರನ ಮೈಮೇಲೆ ಬೇಡ. ಮತ್ತೆ, ಮೇ ಕೊನೆಗೆ ಬರಬೇಡಿ. ನಮ್ಮ ಕೆಂಪುಕಲ್ಲಿನ ಗೋಡೆ ಮಳೆನೀರು ಕುಡಿದರೆ ಬಣ್ಣ ಎದ್ದುಬರುತ್ತದೆ. ಜನವರಿ, ಫೆಬ್ರವರಿ ಒಳ್ಳೆಯದು. ಅಷ್ಟರೊಳಗೆ ಗೋಡೆಗೆ ಪ್ರೈಮರ್ ಹೊಡೆಸಿಡಿ.