ಬ್ಲ್ಯಾಕ್ ಲೆವೆಲ್: ನಿಮ್ಮ ಟಿವಿಯ ಕಪ್ಪು ಎಷ್ಟು ಕಪ್ಪು?

ಬೀದರಿನಲ್ಲಿ ಬಿದ್ರಿ ಕೆಲಸ ಮಾಡುವವರ ಹತ್ತಿರ ಒಮ್ಮೆ ಸುಮ್ನೆ ಕೂತು ನೋಡಿ. ಅರ್ಧ ಮುಗಿದ ಹೂದಾನಿಯೊಂದು ಕೈಯಲ್ಲಿರುತ್ತದೆ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದ ಲೋಹ ಅದು. ಬಣ್ಣ ಬೂದಿ. ಕೆತ್ತಿದ ಗೆರೆಗಳೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿದಿರುತ್ತಾರೆ. ಆದರೆ ಆ ಬೆಳ್ಳಿ ಸರಿಯಾಗಿ ಕಾಣುವುದೇ ಇಲ್ಲ. ಹೂವೋ ಬಳ್ಳಿಯೋ ಎಂದು ಹತ್ತಿರ ಹಿಡಿದು ಹುಡುಕಬೇಕು. ಆಮೇಲೆ ಕೋಟೆಯಿಂದ ತಂದ ಮಣ್ಣಿಗೆ ನವಸಾಗರ, ನೀರು ಸೇರಿಸಿ, ಬಿಸಿ ಮಾಡಿ ಹಚ್ಚುತ್ತಾರೆ. ತೊಳೆದು ಎತ್ತಿದರೆ ಲೋಹ ಇದ್ದಿಲಿನ ಹಾಗೆ ಕಪ್ಪು. ಬೆಳ್ಳಿ ಮಾತ್ರ ಬೆಳ್ಳಗೇ ಉಳಿದಿರುತ್ತದೆ. ಒಂದೊಂದು ಎಲೆಯೂ ಎದ್ದು ಬಂದು ನಿಂತ ಹಾಗೆ ಕಾಣುತ್ತದೆ. ಬೆಳ್ಳಿಗೆ ಹೊಸದಾಗಿ ಯಾರೂ ಹೊಳಪು ಕೊಟ್ಟಿಲ್ಲ. ಅದರ ಹಿಂದಿನ ನೆಲ ಕಪ್ಪಾಯಿತು, ಅಷ್ಟೇ.

ಟಿವಿಯ ಚಿತ್ರಕ್ಕೂ ಇದೇ ಲೆಕ್ಕ. ಅಲ್ಲಿ ಈ ಕಪ್ಪಿಗೆ ಇಟ್ಟಿರುವ ಹೆಸರು ಬ್ಲ್ಯಾಕ್ ಲೆವೆಲ್. ಕನ್ನಡದಲ್ಲಿ ಕಪ್ಪಿನ ಮಟ್ಟ ಅನ್ನಬಹುದು. "ಏನೂ ತೋರಿಸಬೇಡ, ಪೂರ್ತಿ ಕಪ್ಪಾಗು" ಎಂದು ಸಿಗ್ನಲ್ ಹೇಳಿದಾಗಲೂ ಎಷ್ಟೋ ಪರದೆಗಳಿಂದ ಒಂಚೂರು ಬೆಳಕು ಸೋರುತ್ತಲೇ ಇರುತ್ತದೆ. ಹೀಗೆ ಸೋರುವ ಬೆಳಕು ಎಷ್ಟು ಅನ್ನುವುದೇ ಬ್ಲ್ಯಾಕ್ ಲೆವೆಲ್. ಅಳೆಯುವುದು ನಿಟ್ ಎಂಬ ಬೆಳಕಿನ ಅಳತೆಯ ಲೆಕ್ಕದಲ್ಲಿ. ಇಲ್ಲಿ 'ಲೆವೆಲ್ ಕಡಿಮೆ' ಅಂದರೆ ಬೈಗುಳವಲ್ಲ, ಹೊಗಳಿಕೆ. ನಮ್ಮಲ್ಲಿ ಕಗ್ಗತ್ತಲು ಅಂತ ಒಂದು ಗಟ್ಟಿ ಪದವಿದೆ. ಬಹಳಷ್ಟು ಟಿವಿಗಳ ಕಗ್ಗತ್ತಲು ಮೋಡ ಮುಸುಕಿದ ಸಂಜೆಗಿಂತ ಮುಂದೆ ಹೋಗುವುದೇ ಇಲ್ಲ.

ನನಗೆ ಈ ಪದ ತಿಳಿದದ್ದು ನಮ್ಮ ಕಾಕಾನ ಟಿವಿಯಿಂದ. 2010ರಲ್ಲಿ ಅವರು ಹೈದರಾಬಾದಿಗೆ ಹೋಗಿ 42 ಇಂಚಿನ ಪ್ಲಾಸ್ಮಾ ಟಿವಿ ತಂದರು. ಅಂಗಡಿಯವರು ಒಂದೇ ಮಾತು ಹೇಳಿ ಕಳಿಸಿದ್ದರಂತೆ: ಮಲಗಿಸಬೇಡಿ. ಒಳಗಿರುವುದು ಭಾರದ ಗಾಜು, ಅಡ್ಡ ಮಲಗಿಸಿ ಗುಂಡಿ ರಸ್ತೆಯಲ್ಲಿ ತಂದರೆ ಬಿರುಕು ಬಿಡಬಹುದು. ಹಾಗಾಗಿ ಜೀಪಿನ ಹಿಂದೆ ಅದನ್ನು ನೆಟ್ಟಗೆ ನಿಲ್ಲಿಸಿ, ಎರಡು ಕೌದಿ ಸುತ್ತಿ, ಅಜ್ಜಿಯನ್ನು ಕೂರಿಸಿಕೊಂಡು ಬರುವಷ್ಟು ಜೋಪಾನವಾಗಿ ಬೀದರಿಗೆ ತಂದರು. ಮನೆಯಲ್ಲಿ ಇಳಿಸಲು ಇಬ್ಬರು ಬೇಕಾಯಿತು.

ಅದೇ ವರ್ಷ ನಾನೂ ಒಂದು ಎಲ್‌ಸಿಡಿ ತಗೊಂಡಿದ್ದೆ. ಫುಲ್ ಎಚ್‌ಡಿ. ಕಾಕಾನದ್ದು ಬರೀ ಎಚ್‌ಡಿ ರೆಡಿ, ಅಂದರೆ ಚಿತ್ರ ಮೂಡಿಸುವ ಚುಕ್ಕಿಗಳು, ಪಿಕ್ಸೆಲ್‌ಗಳು, ಕಡಿಮೆ. ಸ್ವಲ್ಪ ಜಂಬದಲ್ಲೇ ಹೇಳಿದೆ: "ಕಾಕಾ, ನಿಮ್ಮದರಾಗ ಪಿಕ್ಸೆಲ್ ಕಡಿಮಿ ಅವ." ಅವರು ತಲೆ ಕೆಡಿಸಿಕೊಳ್ಳಲಿಲ್ಲ. "ತಮ್ಮಾ, ಮೊದಲ ಟ್ಯೂಬ್‌ಲೈಟ್ ಬಂದ್ ಮಾಡು" ಅಂದರು. ಯಾವುದೋ ಸಿನಿಮಾದ ರಾತ್ರಿ ದೃಶ್ಯ ಬರುತ್ತಿತ್ತು. ಅಗಲ ಸಿನಿಮಾ ಆದ್ದರಿಂದ ಮೇಲೆ ಕೆಳಗೆ ಕಪ್ಪು ಪಟ್ಟಿಗಳು. ನನ್ನ ಮನೆಯಲ್ಲಿ ಆ ಪಟ್ಟಿಗಳು ಬೂದಿ ಬೂದಿಯಾಗಿ ಮಿನುಗುತ್ತವೆ, ಮೂಲೆಯಲ್ಲಿ ಬೆಳಕು ಮೋಡದ ಹಾಗೆ ನಿಂತಿರುತ್ತದೆ. ಇಲ್ಲಿ ಪಟ್ಟಿ ಎಲ್ಲಿ ಮುಗಿಯಿತು, ಟಿವಿಯ ಪ್ಲಾಸ್ಟಿಕ್ ಚೌಕಟ್ಟು ಎಲ್ಲಿ ಶುರುವಾಯಿತು ಅಂತ ಬೇಗ ಗೊತ್ತಾಗಲಿಲ್ಲ. "ಕರಿ ಅಂದ್ರ ಇದಕ್ಕ ಅನ್ಬೇಕು" ಅಂದರು ಕಾಕಾ. ನಾನು ಸುಮ್ಮನಾದೆ.

ಯಾಕೆ ಹೀಗೆ? ಎಲ್‌ಸಿಡಿಯಲ್ಲಿ ಚಿತ್ರದ ಹಿಂದೆ ದೀಪ ಸದಾ ಉರಿಯುತ್ತಿರುತ್ತದೆ. ಕಪ್ಪು ಬೇಕಾದಾಗ ಮುಂದಿನ ಪದರ ಆ ಬೆಳಕನ್ನು ತಡೆಯಬೇಕು. ಕಿಟಕಿಗೆ ಎಷ್ಟೇ ದಪ್ಪ ಪರದೆ ಹಾಕಿದರೂ ಮಧ್ಯಾಹ್ನದ ಬಿಸಿಲು ಸಂದಿಯಲ್ಲಿ ಇಣುಕುತ್ತದೆ, ಅಲ್ವಾ? ಹಾಗೆಯೇ. ಪ್ಲಾಸ್ಮಾದಲ್ಲಿ ಹಿಂದೆ ದೀಪವೇ ಇಲ್ಲ. ಎರಡು ಗಾಜುಗಳ ನಡುವೆ ಲಕ್ಷಾಂತರ ಪುಟಾಣಿ ಗೂಡುಗಳು. ಪ್ರತಿ ಗೂಡಿನಲ್ಲೂ ನಿಯಾನ್, ಕ್ಸೆನಾನ್ ಅನಿಲ. ವಿದ್ಯುತ್ ಹಾಯಿಸಿದಾಗ ಅನಿಲ ಪ್ಲಾಸ್ಮಾ ಆಗಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಬಿಡುತ್ತದೆ. ಅದು ಗೂಡಿಗೆ ಬಳಿದ ಫಾಸ್ಫರ್ ಎಂಬ ಹೊಳೆಯುವ ಪುಡಿಗೆ ತಾಗಿ ಕೆಂಪು, ಹಸಿರು ಅಥವಾ ನೀಲಿ ಬೆಳಕಾಗುತ್ತದೆ. ನಮ್ಮ ಟ್ಯೂಬ್‌ಲೈಟ್ ಕೆಲಸ ಮಾಡುವುದೂ ಹೆಚ್ಚುಕಮ್ಮಿ ಹೀಗೆಯೇ. ಆ ಕಾಲದ 42 ಇಂಚಿನ ಎಚ್‌ಡಿ ರೆಡಿ ಪ್ಲಾಸ್ಮಾಗಳಲ್ಲಿ ಸಾಮಾನ್ಯವಾಗಿ 1024 x 768 ಪಿಕ್ಸೆಲ್ ಇರುತ್ತಿದ್ದವು. ಒಂದೊಂದಕ್ಕೆ ಮೂರು ಗೂಡು ಅಂದರೆ ಒಟ್ಟು 23 ಲಕ್ಷಕ್ಕೂ ಮೇಲೆ. ಇಷ್ಟು ಪುಟ್ಟ ಟ್ಯೂಬ್‌ಲೈಟುಗಳಲ್ಲಿ ಬೇಕಾದ್ದನ್ನು ಹೊತ್ತಿಸು, ಬೇಡದ್ದನ್ನು ಬಿಡು.

ಹಾಗಾದರೆ ಪ್ಲಾಸ್ಮಾದ ಕಪ್ಪು ಸೊನ್ನೆ ಆಗಬೇಕಿತ್ತು. ಆಗುವುದಿಲ್ಲ. ಗೂಡು ಕರೆದ ತಕ್ಷಣ ಹೊತ್ತಿಕೊಳ್ಳಬೇಕೆಂದರೆ ಅದನ್ನು ಮೊದಲೇ ಸ್ವಲ್ಪ ಬೆಚ್ಚಗಿಟ್ಟ ಹಾಗೆ ಸಣ್ಣ ವಿದ್ಯುತ್ ಕಿಡಿ ಕೊಟ್ಟು ಸಜ್ಜು ಮಾಡಿರಬೇಕು. ಒಲೆಯಲ್ಲಿ ಬೂದಿ ಮುಚ್ಚಿ ಕೆಂಡ ಕಾಪಾಡಿಕೊಳ್ಳುವ ಹಾಗೆ. ಆ ಕೆಂಡದ ಮಸುಕು ಬೆಳಕೇ ಪ್ಲಾಸ್ಮಾದ ಬ್ಲ್ಯಾಕ್ ಲೆವೆಲ್. ಪೂರ್ತಿ ಕತ್ತಲೆಯ ಕೋಣೆಯಲ್ಲಿ, ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಅದು ಕಾಣುತ್ತದೆ. ಇದನ್ನು ಇನ್ನೂ ತಗ್ಗಿಸುವುದಕ್ಕಾಗಿಯೇ ಕಂಪನಿಗಳು ವರ್ಷಗಟ್ಟಲೆ ಗುದ್ದಾಡಿದವು. ಪಯೋನಿಯರ್ ಕಂಪನಿ 2007ರಲ್ಲಿ ತಂದ ಸಾಲಿಗೆ 'ಕುರೊ' ಎಂದೇ ಹೆಸರಿಟ್ಟಿತು. ಜಪಾನಿ ಭಾಷೆಯಲ್ಲಿ ಕುರೊ ಅಂದರೆ ಕಪ್ಪು. ಟಿವಿ ಮಾರುವವರು ಬಣ್ಣ ಬಿಟ್ಟು ಕಪ್ಪಿನ ಹೆಸರಲ್ಲಿ ಮಾರಲು ಹೊರಟರು ಅಂದರೆ ನೋಡಿ.

ಈಗ ಕಾಂಟ್ರಾಸ್ಟ್‌ಗೆ ಬರೋಣ. ಬಿಳಿಯ ಬೆಳಕನ್ನು ಕಪ್ಪಿನ ಬೆಳಕಿನಿಂದ ಭಾಗಿಸಿದರೆ ಬರುವುದೇ ಕಾಂಟ್ರಾಸ್ಟ್ ಅನುಪಾತ. ಒಂದು ಟಿವಿಯ ಬಿಳಿ 100 ನಿಟ್, ಕಪ್ಪು 0.1 ನಿಟ್ ಅಂದುಕೊಳ್ಳಿ. ಅನುಪಾತ 1000ಕ್ಕೆ 1. ಬಿಳಿಯನ್ನು ಹಾಗೇ ಬಿಟ್ಟು ಕಪ್ಪನ್ನು 0.01ಕ್ಕೆ ಇಳಿಸಿದರೆ 10,000ಕ್ಕೆ 1. ಕಪ್ಪು ಅಲ್ಲೇ ಇದ್ದು ಬಿಳಿಯಿಂದಲೇ ಅಲ್ಲಿಗೆ ತಲುಪಬೇಕೆಂದರೆ 1000 ನಿಟ್ ಬೇಕು, ಕತ್ತಲ ಕೋಣೆಯಲ್ಲಿ ಕಣ್ಣಲ್ಲಿ ನೀರು ಬರುತ್ತದೆ. ಬಿದ್ರಿ ಕಾರಿಗರು ಬೆಳ್ಳಿ ಬದಲು ಮಣ್ಣಿನ ಕಡೆ ನೋಡಿದ್ದು ಜಾಣತನವೇ.

ಡಬ್ಬದ ಮೇಲೆ ಅಚ್ಚು ಹಾಕಿದ '10,00,000:1' ಅನ್ನುವಂಥ ಅಂಕಿಗಳನ್ನು ಮಾತ್ರ ನಂಬಬೇಡಿ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಡೈನಮಿಕ್' ಅಂತ ಇರುತ್ತದೆ. ಅಂದರೆ ಒಂದು ಕ್ಷಣ ಪರದೆ ಪೂರ್ತಿ ಬಿಳಿ ಮಾಡಿ ಅಳೆದದ್ದು, ಇನ್ನೊಂದು ಕ್ಷಣ ದೀಪವನ್ನೇ ತಗ್ಗಿಸಿ ಪೂರ್ತಿ ಕಪ್ಪು ಮಾಡಿ ಅಳೆದದ್ದು. ನಿಜವಾದ ಸಿನಿಮಾದಲ್ಲಿ ಕಪ್ಪೂ ಬಿಳಿಯೂ ಒಂದೇ ಫ್ರೇಮಿನಲ್ಲಿ ಇರುತ್ತವೆ: ಕತ್ತಲ ಬೀದಿ, ಒಂದು ದೀಪದ ಕಂಬ. ಅದಕ್ಕೇ ತಿಳಿದವರು ಚದುರಂಗದ ಮಣೆಯ ಹಾಗೆ ಕಪ್ಪು ಬಿಳಿ ಚೌಕಗಳನ್ನು ಒಟ್ಟಿಗೇ ತೋರಿಸಿ ಅಳೆಯುತ್ತಾರೆ. ಆ ಅಂಕಿ ಸಾಮಾನ್ಯವಾಗಿ ಚಿಕ್ಕದು, ಆದ್ದರಿಂದ ಡಬ್ಬದ ಮೇಲೆ ಬರುವುದಿಲ್ಲ.

ಅಂಗಡಿಯಲ್ಲಿ ಪ್ಲಾಸ್ಮಾ ಸೋತದ್ದೂ ಇದೇ ಕಪ್ಪಿನ ವಿಷಯದಲ್ಲಿ, ತಮಾಷೆ ನೋಡಿ. ಶೋರೂಮಿನಲ್ಲಿ ಸಾಲು ಸಾಲು ಟ್ಯೂಬ್‌ಲೈಟು. ಪ್ಲಾಸ್ಮಾದ ಮುಂದೆ ದಪ್ಪ ಗಾಜು. ಆ ದೀಪಗಳೆಲ್ಲ ಅದರಲ್ಲಿ ಬಿಂಬವಾಗಿ ಕುಣಿಯುತ್ತವೆ, ಕಪ್ಪು ತೊಳೆದು ಹೋಗಿ ಬೂದಿ ಆಗುತ್ತದೆ. ಪಕ್ಕದ ಎಲ್‌ಸಿಡಿ ದೀಪ ಜೋರು ಮಾಡಿಕೊಂಡು ಥಳಥಳ ಅನ್ನುತ್ತದೆ. ಗಿರಾಕಿ ಆ ಕಡೆಯೇ ಕೈ ತೋರಿಸುತ್ತಾನೆ. ನಾನೂ ಹಾಗೇ ತೋರಿಸಿದವನು. ಮನೆಗೆ ಬಂದು ರಾತ್ರಿ ದೀಪ ಆರಿಸಿದ ಮೇಲೆ ಗೊತ್ತಾಗುತ್ತದೆ.

ನಿಮ್ಮ ಟಿವಿಯನ್ನು ನೀವೇ ನೋಡಬೇಕೆಂದರೆ ರಾತ್ರಿ ಊಟ ಆದಮೇಲೆ ಕೂರಿ. ದೀಪ ಆರಿಸಿ ಐದು ಹತ್ತು ನಿಮಿಷ ಕಣ್ಣಿಗೆ ಸಮಯ ಕೊಡಿ. ಅಗಲ ಸಿನಿಮಾ ಹಾಕಿ ಕಪ್ಪು ಪಟ್ಟಿಯನ್ನು ಚೌಕಟ್ಟಿನ ಜೊತೆ ಹೋಲಿಸಿ. ನಂತರ ಕಪ್ಪಿನೊಳಗೆ ನೋಡಿ. ಇದು ಬಹಳ ಜನ ಮರೆಯುವ ಮಾತು. ಕಪ್ಪು ಕಂಬಳಿ ಹೊದ್ದವನು ಕತ್ತಲಲ್ಲಿ ನಿಂತಿದ್ದರೆ ಕಂಬಳಿಯ ಮಡಿಕೆ ಕಾಣಬೇಕು. ಎಮ್ಮೆ ಕತ್ತಲಲ್ಲಿ ನಿಂತಿದ್ದರೆ ಎಮ್ಮೆ ಅಂತ ಗೊತ್ತಾಗಬೇಕು, ಬರೀ ಎರಡು ಕಣ್ಣು ತೇಲಬಾರದು. ಎಲ್ಲವನ್ನೂ ಮಸಿಯಲ್ಲಿ ಮುಳುಗಿಸಿದ ಟಿವಿಗೆ ಕಪ್ಪು ಚೆನ್ನಾಗಿದೆ ಅನ್ನಲಾಗುವುದಿಲ್ಲ. ಅದು ಕಪ್ಪನ್ನು ನುಂಗಿ ಹಾಕಿದೆ.

ಇಲ್ಲೇ ರಿಮೋಟಿನ ಒಂದು ಗುಟ್ಟು ಹೇಳಬೇಕು. ಹಳೆಯ ಬಹಳಷ್ಟು ಟಿವಿಗಳಲ್ಲಿ, ಪ್ಲಾಸ್ಮಾಗಳಲ್ಲಂತೂ, 'ಬ್ರೈಟ್‌ನೆಸ್' ಬದಲಿಸುವುದು ಕಪ್ಪನ್ನು, 'ಕಾಂಟ್ರಾಸ್ಟ್' ಬದಲಿಸುವುದು ಬಿಳಿಯನ್ನು. ಹೆಸರಿಟ್ಟವರು ಯಾರೋ, ಉಲ್ಟಾ ಇಟ್ಟಿದ್ದಾರೆ. ಚಿತ್ರ ಮಂಕು ಎಂದು ಬ್ರೈಟ್‌ನೆಸ್ ಏರಿಸಿದರೆ ಕಪ್ಪೆಲ್ಲ ಬೂದಿ ಆಗುತ್ತದೆ, ಮಂಕು ಇನ್ನೂ ಜಾಸ್ತಿ. ರಾತ್ರಿ ದೃಶ್ಯವೊಂದನ್ನು ನಿಲ್ಲಿಸಿ, ಕಂಬಳಿಯ ಮಡಿಕೆ ಮಾಯವಾಗುವವರೆಗೆ ಬ್ರೈಟ್‌ನೆಸ್ ಇಳಿಸಿ. ಆಮೇಲೆ ಮಡಿಕೆ ಆಗ ತಾನೇ ಕಾಣುವಷ್ಟು ಏರಿಸಿ ಅಲ್ಲೇ ಬಿಡಿ. ಹೀಗೆ ಮಾಡಿದರೂ ಕಪ್ಪು ಸುಣ್ಣ ಕಲಸಿದ ಹಾಗೆ ಕಂಡರೆ ಎಚ್‌ಡಿಎಂಐ, ಅಂದರೆ ಪ್ಲೇಯರ್ ಅಥವಾ ಕಂಪ್ಯೂಟರಿನಿಂದ ಟಿವಿಗೆ ಚಿತ್ರ ತರುವ ಕೇಬಲ್ಲಿನ ಸೆಟ್ಟಿಂಗ್ ನೋಡಿ. ಅಲ್ಲಿ ಬೆಳಕು ಅಂಕಿಗಳಾಗಿ ಬರುತ್ತದೆ: ವಿಡಿಯೊದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರ್ ಲೆಕ್ಕದಲ್ಲಿ 0 ಮತ್ತು 255. ಕಳಿಸುವ ಕಡೆ ಒಂದು ಲೆಕ್ಕ, ಟಿವಿ ಕಡೆ ಇನ್ನೊಂದು ಲೆಕ್ಕ ಇದ್ದರೆ ಕಪ್ಪು ಬೂದಿಯಾಗುತ್ತದೆ, ಇಲ್ಲವೇ ಎಮ್ಮೆ ಕಾಣೆಯಾಗುತ್ತದೆ.

ಪ್ಲಾಸ್ಮಾದ ಉಳಿದ ಗುಣಗಳು? ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಕಾಕಾನ ಮನೆಯಲ್ಲಿ ಕ್ರಿಕೆಟ್ ಇದ್ದ ದಿನ ಅಡುಗೆಮನೆ ಬಾಗಿಲಲ್ಲಿ ನಿಂತವರಿಗೂ ಒಂದೇ ಚಿತ್ರ. ಚೆಂಡು ಓಡಿದಾಗ ಬಾಲ ಎಳೆಯುವುದು ಎಲ್‌ಸಿಡಿಗಿಂತ ಬಹಳ ಕಡಿಮೆ. '600 ಹರ್ಟ್ಸ್' ಅಂತ ಸ್ಟಿಕ್ಕರ್ ಇರುತ್ತಿತ್ತಲ್ಲ, ಅದು ಸೆಕೆಂಡಿಗೆ 600 ಚಿತ್ರ ಅಂತ ಅಲ್ಲ. ಗೂಡು ಅರೆಬರೆ ಉರಿಯಲಾರದು, ಹೊತ್ತಬೇಕು ಇಲ್ಲ ಆರಬೇಕು. ಆದ್ದರಿಂದ ಒಂದು ಚಿತ್ರದ ಹೊತ್ತಿನಲ್ಲೇ ಅದನ್ನು ಹಲವು ಸಲ ಮಿನುಗಿಸಿ ಮಂದ, ಪ್ರಖರ ಎಲ್ಲ ತೋರಿಸುತ್ತಾರೆ. ಸೆಕೆಂಡಿಗೆ 50 ಚಿತ್ರ, ಒಂದೊಂದಕ್ಕೆ 12 ಸರದಿ, ಸೇರಿದರೆ 600. ದೋಷಗಳೂ ಇವೆ. ಕರೆಂಟು ಜಾಸ್ತಿ ಎಳೆಯುತ್ತದೆ. ಬೀದರಿನ ಏಪ್ರಿಲ್ ಸೆಕೆಯಲ್ಲಿ ಅದರ ಹತ್ತಿರ ಕೂತರೆ ಮೈಗೆ ಬಿಸಿ ತಾಗುತ್ತದೆ. ಪರದೆ ತುಂಬ ಬಿಳಿ ಬಂದರೆ ತಾನೇ ಮಂದ ಮಾಡಿಕೊಳ್ಳುತ್ತದೆ.

ದೊಡ್ಡ ದೋಷ ಅಚ್ಚು ಬೀಳುವುದು. ಒಂದೇ ಜಾಗದಲ್ಲಿ ಒಂದೇ ಚಿತ್ರ ತಿಂಗಳುಗಟ್ಟಲೆ ನಿಂತರೆ ಅಲ್ಲಿನ ಫಾಸ್ಫರ್ ಬೇರೆ ಕಡೆಗಿಂತ ಬೇಗ ಸವೆಯುತ್ತದೆ. ಕಾಕಾ ಬೆಳಿಗ್ಗೆಯಿಂದ ಸುದ್ದಿ ಚಾನೆಲ್ ಹಚ್ಚಿ ಇಡುವವರು. ಈಗ ಅವರ ಪರದೆಯ ಕೆಳಗೆ ಸುದ್ದಿ ಪಟ್ಟಿಯ ಗೆರೆ ಉಳಿದುಬಿಟ್ಟಿದೆ. ರಾತ್ರಿ ದೃಶ್ಯದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆಕಾಶ ಬಂದರೆ ಸಾಕು, ಆಕಾಶಕ್ಕೇ ಬಾರ್ಡರ್ ಹಚ್ಚಿದ ಹಾಗೆ ಕಾಣುತ್ತದೆ.

ಪ್ಲಾಸ್ಮಾ ಪರದೆ ಹುಟ್ಟಿದ್ದು 1964ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ, ರಾಬರ್ಟ್ ವಿಲ್ಸನ್ ಎಂಬ ಮೂವರು ಅದನ್ನು ಮಾಡಿದ್ದು ಟಿವಿಗಾಗಿ ಅಲ್ಲ, ಕಂಪ್ಯೂಟರಿನಲ್ಲಿ ಪಾಠ ಹೇಳುವ ಪ್ಲೇಟೊ ಎಂಬ ವ್ಯವಸ್ಥೆಗೆ. ಆಗ ಬಣ್ಣ ಒಂದೇ, ಕಿತ್ತಳೆ. ಗೋಡೆಗೆ ನೇತುಹಾಕುವ ಬಣ್ಣದ ಟಿವಿಯಾಗಿ ಮನೆಗೆ ಬರಲು 1990ರ ದಶಕದ ಕೊನೆಯಾಯಿತು. ಪಯೋನಿಯರ್ 2009ರಲ್ಲಿ ಟಿವಿ ಬಿಡುವುದಾಗಿ ಹೇಳಿತು. ಪ್ಯಾನಾಸೋನಿಕ್ 2013ರ ಕೊನೆಗೆ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು. ಸ್ಯಾಮ್‌ಸಂಗ್, ಎಲ್‌ಜಿ ಹಿಂದೆ ಸರಿದದ್ದು 2014ರಲ್ಲಿ. ಈಗಿನ ಓಎಲ್‌ಇಡಿಯಲ್ಲಿ, ಅಂದರೆ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವ ಪರದೆಯಲ್ಲಿ, ಪಿಕ್ಸೆಲ್ ಪೂರ್ತಿ ಆರುತ್ತದೆ, ಕೆಂಡವೂ ಉಳಿಯುವುದಿಲ್ಲ. ಪ್ಲಾಸ್ಮಾ ಮುಟ್ಟಲು ಹೆಣಗಿದ ಕಪ್ಪು ಅಲ್ಲಿ ಸುಲಭವಾಗಿ ಸಿಗುತ್ತದೆ.

ಹಾಗಂತ ಯಾರಾದರೂ ಹಳೆಯ ಪ್ಲಾಸ್ಮಾ ಅಗ್ಗಕ್ಕೆ ಕೊಡುತ್ತೇನೆಂದರೆ ಮುಖ ತಿರುಗಿಸಬೇಡಿ. ಒಂದು ರಾತ್ರಿ ದೃಶ್ಯ, ಒಂದು ಪೂರ್ತಿ ಬೂದಿ ಪರದೆ, ಎರಡನ್ನೂ ಹಾಕಿಸಿ ನೋಡಿ. ಮೊದಲನೆಯದರಲ್ಲಿ ಕಪ್ಪು ಗೊತ್ತಾಗುತ್ತದೆ, ಎರಡನೆಯದರಲ್ಲಿ ಹಿಂದಿನ ಯಜಮಾನ ಯಾವ ಚಾನೆಲ್ ನೋಡುತ್ತಿದ್ದ ಅನ್ನುವುದು ಗೊತ್ತಾಗುತ್ತದೆ. ಬಿಡಿಭಾಗ ಸಿಗುವುದು ಕಷ್ಟ, ಅದನ್ನು ರೇಟಿನಲ್ಲಿ ಹಿಡಿಯಿರಿ. ಕಾಕಾನದ್ದನ್ನು ನಾನೇ ಕೇಳಿ ನೋಡಿದೆ. "ಗೆರಿ ಬಿದ್ದದ, ಯಾರ್ ತಗೋತಾರ?" ಅಂದರು. ನಾನು ತಗೋತೀನಿ ಅಂದೆ. "ಹಂಗಾದ್ರ ಕೊಡಂಗಿಲ್ಲ" ಅಂದರು.